ಮುಯ್ಯಿಯ ಧರ್ಮ: ಉದಯೋನ್ಮುಖ ಚಿತ್ರಕಥಾಕಾರರ ಪರಸ್ಪರ ಸಹಾಯದ ಚರಿತ್ರೆಯನ್ನು ಕುರಿತು

೧

ಚಲಚ್ಚಿತ್ರದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಎರಡು ಬಗೆಯ ಆಧಾರಗಳನ್ನು ಅವಲಂಬಿಸುತ್ತಾರೆ. ತೆರೆಯ ಮೇಲೆ ಕಂಡ ಚಿತ್ರಗಳು ಒಂದು. ಅವುಗಳನ್ನು ನಿರ್ಮಿಸಿದ ಸಂಸ್ಥೆಗಳ ಹಾಗೂ ನಿರ್ದೇಶಕರ ವೃತ್ತಾಂತಗಳು ಇನ್ನೊಂದು. ಈ ಎರಡಕ್ಕೂ ಹಿಂದೆ ಮೂರನೆಯ ವ್ಯಾಪಾರವೊಂದು ನಡೆದಿರುತ್ತದೆ. ಇನ್ನೂ ಹೆಸರು ಮಾಡದ ಲೇಖಕರೊಬ್ಬರು ತಾವು ಬರೆದ ಚಿತ್ರಕಥೆಯನ್ನು ತಮ್ಮಂತೆಯೇ ಹೆಸರಿಲ್ಲದ ಇನ್ನೊಬ್ಬರ ಕೈಯಲ್ಲಿಡುತ್ತಾರೆ. ಅವರು ಅದನ್ನು ಓದಿ, ಎಲ್ಲಿ ಕಥೆ ಸೊರಗಿದೆ, ಎಲ್ಲಿ ಮಾತು ಹೆಚ್ಚಾಗಿದೆ, ಯಾವ ಪಾತ್ರ ಕಾರಣವಿಲ್ಲದೆ ಬಂದು ಹೋಗುತ್ತದೆ ಎಂಬುದನ್ನು ತಿಳಿಸುತ್ತಾರೆ. ಕೆಲವು ದಿನಗಳಲ್ಲಿ ಮೊದಲನೆಯವರು ಅದೇ ಉಪಕಾರವನ್ನು ಎರಡನೆಯವರಿಗೆ ಮಾಡುತ್ತಾರೆ. ಹಣದ ಮಾತು ಇಲ್ಲಿಲ್ಲ. ಪತ್ರಿಕೆಗಳಲ್ಲಿ ಇದರ ವರದಿ ಬರುವುದಿಲ್ಲ. ಚಿತ್ರದ ಆರಂಭದಲ್ಲಿ ತೋರಿಸುವ ಹೆಸರುಗಳಲ್ಲಿಯೂ ಈ ಓದುಗರು ಕಾಣಿಸುವುದು ಅಪರೂಪ. ಆದರೂ ಹೊಸ ಲೇಖಕರು ತಮ್ಮ ಕಲೆಯನ್ನು ಕಲಿತದ್ದು ಬಹುಮಟ್ಟಿಗೆ ಇಂಥ ಕೊಡುಕೊಳೆಯಿಂದಲೇ ಎಂಬುದನ್ನು ಗಮನಿಸಿದರೆ, ಚರಿತ್ರಕಾರರು ಇದನ್ನು ಉಪೇಕ್ಷಿಸುವುದು ಸರಿಯಲ್ಲವೆಂದು ತೋರುತ್ತದೆ.

ನಮ್ಮ ನಾಡಿನ ಬೇಸಾಯಗಾರರಿಗೆ ಈ ಪದ್ಧತಿ ಹೊಸದಲ್ಲ. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿಯುವುದು, ಅವರ ಗದ್ದೆಯ ಸರದಿ ಬಂದಾಗ ಇವರು ಹೋಗಿ ಆ ಋಣ ತೀರಿಸುವುದು. ಇದಕ್ಕೆ ಮುಯ್ಯಾಳು ಎಂದು ಹೆಸರು. ಮದುವೆಯಲ್ಲಿ ಕೊಟ್ಟ ಉಡುಗೊರೆಯೂ ಮುಯ್ಯಿಯೇ. ಪ್ರತಿಯೊಂದು ಮನೆಯವರೂ ಅದನ್ನು ಪುಸ್ತಕದಲ್ಲಿ ಬರೆದಿಟ್ಟು, ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ನೆನಪಿನಿಂದ ಹಿಂದಿರುಗಿಸುತ್ತಾರೆ. ಅದೇ ಶಬ್ದಕ್ಕೆ ಸೇಡು ಎಂಬ ಅರ್ಥವೂ ಉಂಟೆಂಬುದನ್ನು ವಾಚಕರು ಬಲ್ಲರು. ಈ ಎರಡು ಅರ್ಥಗಳೂ ನಮ್ಮ ವಿಷಯಕ್ಕೆ ಸಂಬಂಧಪಟ್ಟವೇ ಎಂಬುದು ಮುಂದೆ ಸ್ಪಷ್ಟವಾಗುವುದು.

ಅಂತರಜಾಲ ಬಂದ ಮೇಲೆ ಹೊಸ ಚಿತ್ರಕಥಾಕಾರರೂ ಚಿತ್ರನಿರ್ಮಾಣದ ಆಕಾಂಕ್ಷಿಗಳೂ ದೇಶದ ಗಡಿಯನ್ನು ಮೀರಿ ಒಬ್ಬರಿಗೊಬ್ಬರು ನೆರವಾಗತೊಡಗಿದರು. ಈ ಬೆಳವಣಿಗೆಯನ್ನು ಯಂತ್ರದ ಪವಾಡವೆಂದು ಕೊಂಡಾಡುವವರಿದ್ದಾರೆ. ಕಾಲಹರಣವೆಂದು ಹಳಿಯುವವರೂ ಇದ್ದಾರೆ. ಈ ಎರಡು ಅಭಿಪ್ರಾಯಗಳೂ ಅಸಮಗ್ರವೆಂದು ನಾವು ಭಾವಿಸುತ್ತೇವೆ. ಯಂತ್ರ ಕೇವಲ ಸ್ಥಳವನ್ನು ಒದಗಿಸಿತು. ಅಲ್ಲಿ ಮುಯ್ಯಿಯ ನಿಯಮ ಪಾಲನೆಯಾದಷ್ಟು ಕಾಲ ಆ ಸಂಘಗಳು ಫಲಕೊಟ್ಟವು. ಅದು ಸಡಿಲವಾದಾಗ ಅವು ಬೇರೆಯೇ ಆದವು. ಇದನ್ನು ನಿದರ್ಶನಗಳಿಂದ ಸ್ಥಾಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಅಂತರಜಾಲಕ್ಕೆ ಹಿಂದಿನ ಸ್ಥಿತಿಯನ್ನು ಮೊದಲು ನೋಡಬೇಕು. ೧೯೪೭ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದವರು ಕೂಡಿ ಕಲ್ಕತ್ತೆಯ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. ಆಗ ರಾಯ್ ಅವರು ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರ ಬರೆಯುವ ನೌಕರಿಯಲ್ಲಿದ್ದರು. ಫ್ರಾನ್ಸಿನ ನಿರ್ದೇಶಕ ಜಾನ್ ರೆನ್ವಾರ್ ೧೯೪೯ರಲ್ಲಿ 'ದಿ ರಿವರ್' ಚಿತ್ರಕ್ಕೆ ಸ್ಥಳ ನೋಡಲು ಬಂಗಾಳಕ್ಕೆ ಬಂದಾಗ ಈ ಮಿತ್ರವರ್ಗಕ್ಕೆ ಅವರ ಸಹವಾಸ ದೊರೆಯಿತು. ಸೊಸೈಟಿಯ ಸದಸ್ಯರಾದ ಬನ್ಸಿ ಚಂದ್ರಗುಪ್ತರು ಆ ಚಿತ್ರದಲ್ಲಿ ಕೆಲಸ ಮಾಡಿದರು. ಸುಬ್ರತ ಮಿತ್ರ ಎಂಬ ತರುಣ ಅದರ ಚಿತ್ರೀಕರಣವನ್ನು ನಿಂತು ನೋಡಿ ಕಲಿತರು. ಮುಂದೆ 'ಪಥೇರ್ ಪಾಂಚಾಲಿ' (೧೯೫೫) ಆರಂಭವಾದಾಗ ಅದಕ್ಕೆ ಮೊದಲು ಚಲಚ್ಚಿತ್ರದ ಕ್ಯಾಮರಾ ಹಿಡಿದೇ ಇರದ ಮಿತ್ರ ಅವರು ಅದರ ಛಾಯಾಗ್ರಾಹಕರಾದರು, ಚಂದ್ರಗುಪ್ತರು ಕಲಾನಿರ್ದೇಶಕರಾದರು. ಭಾರತೀಯ ಚಿತ್ರರಂಗದ ಇತಿಹಾಸವನ್ನೇ ಬದಲಿಸಿದ ಆ ಕೃತಿಯ ಹಿಂದೆ, ಒಟ್ಟಿಗೆ ಚಿತ್ರ ನೋಡಿ ಒಟ್ಟಿಗೆ ವಾದಮಾಡಿದ ಒಂದು ಸಣ್ಣ ಗುಂಪು ಇತ್ತೆಂಬುದನ್ನು ಮರೆಯಬಾರದು. ಚಿತ್ರಸಮಾಜಗಳ ಅಖಿಲ ಭಾರತ ಒಕ್ಕೂಟವು ೧೯೫೯ರಲ್ಲಿ ರಚಿತವಾಯಿತು. ರಾಯ್ ಅವರೇ ಅದರ ಪ್ರಥಮ ಅಧ್ಯಕ್ಷರು.

ಪ್ಯಾರಿಸ್ಸಿನಲ್ಲಿಯೂ ಅದೇ ಕಾಲದಲ್ಲಿ ಇಂಥದೇ ಘಟನೆ ನಡೆಯಿತು. ತ್ರುಫೋ, ಗೊದಾರ್, ಶಬ್ರೋಲ್, ರೊಮೇರ್, ರಿವೆತ್ ಮೊದಲಾದವರು ಚಿತ್ರಸಂಗ್ರಹಾಲಯದ ಪ್ರದರ್ಶನಗಳಲ್ಲಿ ಪರಸ್ಪರ ಪರಿಚಿತರಾಗಿ, ೧೯೫೧ರಲ್ಲಿ ಹುಟ್ಟಿದ 'ಕಾಯೇ ದು ಸಿನಿಮಾ' ಪತ್ರಿಕೆಯ ವಿಮರ್ಶಕರಾಗಿ, ಅನಂತರ ನಿರ್ದೇಶಕರಾದರು. ಗೊದಾರರ ಮೊದಲ ದೀರ್ಘಚಿತ್ರಕ್ಕೆ (೧೯೬೦) ಮೂಲಕಥೆ ತ್ರುಫೋ ಅವರದು. ತಾಂತ್ರಿಕ ಸಲಹೆಗಾರರೆಂದು ಹೆಸರು ಕೊಟ್ಟವರು ಶಬ್ರೋಲ್. ಈಗಾಗಲೇ ಸ್ವಲ್ಪ ಹೆಸರು ಗಳಿಸಿದ್ದ ಇಬ್ಬರು ಮಿತ್ರರು ಮೂರನೆಯವರಿಗೆ ತಮ್ಮ ಹೆಸರನ್ನು ಸಾಲ ಕೊಟ್ಟರೆಂದು ಇದನ್ನು ಅರ್ಥೈಸಬಹುದು.

ಕನ್ನಡದಲ್ಲಿ ಈ ಬಗೆಯ ಮೊದಲ ಸ್ಮರಣೀಯ ಪ್ರಯತ್ನ 'ಸಂಸ್ಕಾರ' (೧೯೭೦). ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಗಿರೀಶ ಕಾರ್ನಾಡರು ಚಿತ್ರಕಥೆಯಾಗಿಸಿ ಮುಖ್ಯಪಾತ್ರವನ್ನೂ ವಹಿಸಿದರು. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದರು. ಮದರಾಸಿನ ಹವ್ಯಾಸಿ ರಂಗತಂಡದ ಮಿತ್ರರು, ಚಿತ್ರಕಲಾವಿದರಾದ ಎಸ್. ಜಿ. ವಾಸುದೇವ್, ಆಸ್ಟ್ರೇಲಿಯದ ಛಾಯಾಗ್ರಾಹಕ ಟಾಮ್ ಕವನ್ ಇವರೆಲ್ಲ ಸೇರಿ ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಅದನ್ನು ಚಿತ್ರೀಕರಿಸಿದರು. ಸೆನ್ಸಾರ್ ಮಂಡಳಿಯ ನಿಷೇಧವನ್ನು ದಾಟಿ ಬಂದ ಆ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು. ೧೯೭೧ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಸ್ಥಾಪಿತವಾಯಿತು. ೧೯೭೩ರಲ್ಲಿ ಕೆ. ವಿ. ಸುಬ್ಬಣ್ಣನವರು ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಚಿತ್ರಸಮಾಜವನ್ನು ಆರಂಭಿಸಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಕೆ ತೋಟದ ಸೀಮೆಯ ಜನರಿಗೆ ತೋರಿಸಿದರು.

ಈ ನಿದರ್ಶನಗಳಿಂದ ಒಂದು ಮಿತಿಯೂ ತಿಳಿದುಬರುತ್ತದೆ. ಇಂಥ ಸಹವಾಸ ದೊರೆಯಬೇಕಾದರೆ ಒಂದೇ ಊರಿನಲ್ಲಿರಬೇಕಾಗಿತ್ತು. ಸಂಜೆಯ ಹೊತ್ತು ಬಿಡುವಿರಬೇಕಾಗಿತ್ತು. ಕಾಫಿಯ ಮೇಜಿನ ಸುತ್ತ ಸೇರುವವರೊಡನೆ ಮೊದಲೇ ಪರಿಚಯವಿರಬೇಕಾಗಿತ್ತು. ಮನೆಯಿಂದ ಸಂಜೆ ಹೊರಗೆ ಹೊರಡಲಾಗದ ಸ್ತ್ರೀಯರಿಗೆ, ಸಣ್ಣ ಊರಿನ ಗುಮಾಸ್ತರಿಗೆ, ಉಪಾಧ್ಯಾಯರಿಗೆ ಆ ಮೇಜು ದೂರವೇ ಉಳಿಯಿತು. ಹೆಗ್ಗೋಡಿನ ಹಿರಿಮೆ ಇರುವುದು ಈ ದೂರವನ್ನು ಸ್ವಲ್ಪ ಕಡಮೆಮಾಡಿದ್ದರಲ್ಲಿ. ಆದರೆ ಪ್ರತಿಯೊಂದು ತಾಲ್ಲೂಕಿಗೂ ಒಂದು ಹೆಗ್ಗೋಡು ದೊರೆಯುವುದು ಸಾಧ್ಯವೇ?

೩

ಚಿತ್ರಕಥೆಯ ಸ್ವರೂಪವನ್ನು ನೋಡಿದರೆ ಈ ಸಹವಾಸದ ಅಗತ್ಯ ಇನ್ನೂ ಸ್ಪಷ್ಟವಾಗುತ್ತದೆ. ಕವಿತೆಯೋ ಕಾದಂಬರಿಯೋ ಬರೆದು ಮುಗಿದಾಗ ಕೃತಿ ಸಿದ್ಧವಾಯಿತು. ಅಚ್ಚಾಗದಿದ್ದರೂ ಅದು ಕೃತಿಯೇ. ಚಿತ್ರಕಥೆ ಹಾಗಲ್ಲ. ಅದು ಕಟ್ಟಬೇಕಾದ ಮನೆಯ ನಕ್ಷೆ. ಚಿತ್ರವಾಗುವವರೆಗೆ ಅದಕ್ಕೆ ಸಾಮಾನ್ಯ ಓದುಗರಿಲ್ಲ. ನಿರ್ಮಾಪಕರಂತೂ ಅಪರಿಚಿತರ ಹಸ್ತಪ್ರತಿಯನ್ನು ತೆರೆದು ನೋಡುವುದು ವಿರಳ. ಅಮೆರಿಕದ ರೂಢಿಯಂತೆ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷವೆಂದು ಎಣಿಸಿ, ೯೦ರಿಂದ ೧೨೦ ಪುಟಗಳಷ್ಟು ಬರೆಯುತ್ತಾರೆ. ಅದನ್ನು ಗಮನವಿಟ್ಟು ಓದಲು ಎರಡು ಗಂಟೆ ಬೇಕು. ಉಪಯುಕ್ತವಾದ ಟಿಪ್ಪಣಿ ಬರೆಯಲು ಇನ್ನೆರಡು ಗಂಟೆಯಾದರೂ ಬೇಕು. ಇಷ್ಟು ಹೊತ್ತನ್ನು ಅಪರಿಚಿತರಿಗಾಗಿ ವ್ಯಯಮಾಡುವವರಾರು? ಅದೇ ಹೊತ್ತು ತಮಗೂ ಬೇಕಾಗಿರುವ ಇನ್ನೊಬ್ಬ ಆಕಾಂಕ್ಷಿ ಮಾತ್ರ. ಮುಯ್ಯಿಯ ಹುಟ್ಟು ಇಲ್ಲಿ.

ಈ ಅಗತ್ಯಕ್ಕೆ ಅಂತರಜಾಲ ಮೊದಲು ಒದಗಿದ್ದು ಅಮೆರಿಕದಲ್ಲಿ. ೧೯೭೯-೮೦ರಲ್ಲಿ ಅಲ್ಲಿನ ಎರಡು ವಿಶ್ವವಿದ್ಯಾಲಯಗಳ ನಡುವೆ ಆರಂಭವಾದ ಯೂಸ್‌ನೆಟ್ ಎಂಬ ವ್ಯವಸ್ಥೆಯಲ್ಲಿ ಸಾವಿರಾರು ವಿಷಯಗಳಿಗೆ ಪ್ರತ್ಯೇಕ ಚರ್ಚಾಮಂಡಲಗಳು ಬೆಳೆದವು. ೧೯೯೦ರ ದಶಕದಲ್ಲಿ ಚಿತ್ರಕಥೆಗೇ ಮೀಸಲಾದ ಮಂಡಲವೊಂದು ಅವುಗಳಲ್ಲಿ ಇತ್ತು. ಅದೇ ದಶಕದ ಉತ್ತರಾರ್ಧದಲ್ಲಿ, 'ಅಲ್ಲಾದೀನ್' (೧೯೯೨) ಚಿತ್ರದ ಲೇಖಕರಲ್ಲಿ ಇಬ್ಬರಾದ ಟೆಡ್ ಎಲಿಯಟ್ ಮತ್ತು ಟೆರಿ ರೋಸಿಯೊ ಅವರು 'ವರ್ಡ್‌ಪ್ಲೇ' ಎಂಬ ತಾಣವನ್ನು ನಡೆಸಿ, ತಮ್ಮ ವೃತ್ತಿಯ ಅನುಭವಗಳನ್ನು ಲೇಖನಗಳ ರೂಪದಲ್ಲಿ ಎಲ್ಲರಿಗೂ ಉಚಿತವಾಗಿ ಒದಗಿಸಿದರು. ಕಸುಬಿನ ಗುಟ್ಟನ್ನು ಮುಚ್ಚಿಡುವ ರೂಢಿಯಿದ್ದ ಉದ್ಯಮದಲ್ಲಿ ಇದು ಸಾಮಾನ್ಯವಾದ ಔದಾರ್ಯವಲ್ಲ.

ಆದರೆ ಉಪದೇಶ ಬೇರೆ, ಮುಯ್ಯಿ ಬೇರೆ. ಮುಯ್ಯಿಯನ್ನು ನಿಯಮವನ್ನಾಗಿ ಮಾಡಿದ ಕೀರ್ತಿ ಎರಡು ಸಂಸ್ಥೆಗಳಿಗೆ ಸಲ್ಲಬೇಕು. ೧೯೬೯ರಲ್ಲಿ ಜಾರ್ಜ್ ಲ್ಯೂಕಸ್ ಅವರೊಡನೆ ಸೇರಿ ಅಮೆರಿಕನ್ ಜೋಯಿಟ್ರೋಪ್ ಸಂಸ್ಥೆಯನ್ನು ಸ್ಥಾಪಿಸಿದ್ದ ಫ್ರಾನ್ಸಿಸ್ ಫೋರ್ಡ್ ಕಪೋಲ ಅವರು ೨೦೦೦ದ ಸುಮಾರಿಗೆ ಲೇಖಕರಿಗೂ ಚಿತ್ರಕಾರರಿಗೂ ಅಂತರಜಾಲದಲ್ಲಿ ಒಂದು ಕಾರ್ಯಶಾಲೆಯನ್ನು ತೆರೆದರು. ತನ್ನ ಕೃತಿಯನ್ನು ಸಲ್ಲಿಸಬೇಕೆನ್ನುವ ಸದಸ್ಯನು ಮೊದಲು ಇತರರ ನಿಗದಿಯಾದಷ್ಟು ಕೃತಿಗಳನ್ನು ಓದಿ ವಿಮರ್ಶೆ ಬರೆಯಬೇಕೆಂಬುದು ಅಲ್ಲಿಯ ಕಟ್ಟಳೆ. ೨೦೦೨ರಲ್ಲಿ ನಟ ಕೆವಿನ್ ಸ್ಪೇಸಿ ಮತ್ತು ನಿರ್ಮಾಪಕ ಡೇನಾ ಬ್ರುನೆಟ್ಟಿ ಇವರು ಆರಂಭಿಸಿದ 'ಟ್ರಿಗರ್ ಸ್ಟ್ರೀಟ್' ಎಂಬ ತಾಣದಲ್ಲಿಯೂ ಇದೇ ತತ್ತ್ವ. ಒಬ್ಬರ ಕೃತಿಯನ್ನು ಓದಿದರೆ ತನ್ನ ಕೃತಿಗೆ ಒಂದು ಓದು ಲಭ್ಯ. ಯಾರ ಕೃತಿಯನ್ನು ಓದಬೇಕೆಂಬುದನ್ನು ತಾಣವೇ ಗೊತ್ತುಮಾಡಿಕೊಡುತ್ತಿದ್ದುದರಿಂದ ಮಿತ್ರರು ಮಿತ್ರರನ್ನೇ ಹೊಗಳಿಕೊಳ್ಳುವ ಅವಕಾಶ ಕಡಮೆಯಾಯಿತು.

ಈ ಕಟ್ಟಳೆಯ ಶಿಕ್ಷಣಮೌಲ್ಯ ದೊಡ್ಡದು. ಅನ್ಯರ ಹತ್ತು ಚಿತ್ರಕಥೆಗಳಲ್ಲಿ ಒಂದೇ ದೋಷವನ್ನು ಕಂಡವರಿಗೆ ತಮ್ಮ ಬರವಣಿಗೆಯಲ್ಲಿ ಅದು ತಾನಾಗಿಯೇ ಗೋಚರಿಸುತ್ತದೆ. ವಿಮರ್ಶೆ ಪಡೆದವರಿಗಿಂತ ಬರೆದವರಿಗೇ ಲಾಭ ಹೆಚ್ಚೆಂದು ಹೇಳಿದರೂ ತಪ್ಪಾಗದು. ಆದರೆ ಮುಯ್ಯಿಯ ಎರಡನೆಯ ಅರ್ಥವನ್ನೂ ನೆನೆಯಬೇಕು. ಗುಣಾಂಕಗಳನ್ನು ಕೊಟ್ಟು ಶ್ರೇಣಿ ಗೊತ್ತುಮಾಡುವ ಕಡೆಗಳಲ್ಲಿ, ಇನ್ನೊಬ್ಬರನ್ನು ಕೆಳಗಿಳಿಸಿದರೆ ತಾನು ಮೇಲೇರಬಹುದೆಂಬ ಆಸೆಗೂ, ಕಟುವಾಗಿ ಬರೆದವರ ಮೇಲೆ ಕಟುವಾಗಿಯೇ ಬರೆಯಬೇಕೆಂಬ ಹಟಕ್ಕೂ ಎಡೆಯುಂಟು. ಒಂದೇ ಬಹುಮಾನಕ್ಕಾಗಿ ಸ್ಪರ್ಧಿಸುವವರು ಒಬ್ಬರಿಗೊಬ್ಬರು ಗುರುಗಳಾಗಿರುವುದು ಕಷ್ಟ. ಗದ್ದೆಯ ಮುಯ್ಯಾಳಿನಲ್ಲಿ ಈ ಬಾಧೆಯಿಲ್ಲ. ನೆರೆಯವರ ಪೈರು ಚೆನ್ನಾಗಿ ಬಂದರೆ ನಮ್ಮ ಪೈರಿಗೆ ಹಾನಿಯಿಲ್ಲವಷ್ಟೆ.

೪

ಚಿತ್ರವೆಂಬುದು ಬರವಣಿಗೆಯಿಂದ ಮಾತ್ರ ಆಗುವುದಲ್ಲ. ಕೈಕೆಲಸದ ಮುಯ್ಯಿಗೆ ಫಿನ್ಲೆಂಡ್ ದೇಶದ ಒಂದು ನಿದರ್ಶನವನ್ನು ಕೊಡಬಹುದು. ಆ ದೇಶದ ತಾಂಪೆರೆ ನಗರದಲ್ಲಿ ಸಾಮುಲಿ ತೋರ್ಸೊನೆನ್, ತಿಮೊ ವುಓರೆನ್ಸೊಲ ಮತ್ತು ಅವರ ಮಿತ್ರರು ಅಂತರಿಕ್ಷದ ಸಾಹಸಕಥೆಗಳನ್ನು ಪರಿಹಾಸಮಾಡುವ 'ಸ್ಟಾರ್ ರೆಕ್' ಎಂಬ ಚಿತ್ರವನ್ನು ಸುಮಾರು ಏಳು ವರ್ಷ ಶ್ರಮಿಸಿ ಪೂರೈಸಿದರು. ವಾಸದ ಮನೆಯೇ ಅವರ ಸ್ಟುಡಿಯೊ. ಅಂತರಜಾಲದ ಮೂಲಕ ಪರಿಚಿತರಾದ ಅನೇಕರು ಸಂಬಳವಿಲ್ಲದೆ ನೆರವಾದರು. ೨೦೦೫ರಲ್ಲಿ ಅದನ್ನು ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಈ ಔದಾರ್ಯಕ್ಕೆ ಪ್ರತಿಫಲ ದೊರೆಯದೆ ಹೋಗಲಿಲ್ಲ. ಅದೇ ವುಓರೆನ್ಸೊಲ ಅವರು ೨೦೧೨ರಲ್ಲಿ ಹೊರತಂದ 'ಐರನ್ ಸ್ಕೈ' ಚಿತ್ರದ ವೆಚ್ಚ ಸುಮಾರು ೭೫ ಲಕ್ಷ ಯೂರೊ. ಅದರಲ್ಲಿ ಸುಮಾರು ೧೦ ಲಕ್ಷ ಯೂರೊಗಳನ್ನು ಅಭಿಮಾನಿಗಳೇ ಒದಗಿಸಿದರು.

ಇನ್ನು ಮುಯ್ಯಿ ವಿಕೃತವಾದ ಒಂದು ಪ್ರಸಂಗ. ೨೦೧೦ರಲ್ಲಿ ಅಮೆಜಾನ್ ಸಂಸ್ಥೆಯು ಚಲಚ್ಚಿತ್ರ ವಿಭಾಗವನ್ನು ತೆರೆದು, ಯಾರು ಬೇಕಾದರೂ ಚಿತ್ರಕಥೆ ಸಲ್ಲಿಸಬಹುದೆಂದು ಸಾರಿತು. ಬಹುಮಾನಗಳೂ ದೊಡ್ಡವಾಗಿದ್ದವು. ಆದರೆ ಮೊದಲಿನ ನಿಯಮಗಳ ಪ್ರಕಾರ ಒಬ್ಬರು ಸಲ್ಲಿಸಿದ ಚಿತ್ರಕಥೆಯನ್ನು ಲೇಖಕರ ಒಪ್ಪಿಗೆಯಿಲ್ಲದೆಯೇ ಇತರರು ತಿದ್ದಿ ಬರೆಯಬಹುದಾಗಿತ್ತು. ವೃತ್ತಿಯ ಲೇಖಕರು ಇದನ್ನು ತೀವ್ರವಾಗಿ ಖಂಡಿಸಿದರು. ಅನಂತರ ನಿಯಮಗಳು ಬದಲಾದವು; ೨೦೧೮ರಲ್ಲಿ ಮುಕ್ತ ಸಲ್ಲಿಕೆಯೇ ನಿಂತುಹೋಯಿತು. ಇಲ್ಲಿ ತಪ್ಪಿದ್ದೇನು? ಪರಸ್ಪರ ನೆರವು ನಡೆಯಬೇಕಾದುದು ಸಮಾನರ ನಡುವೆ. ನೆರವಿನ ಫಲ ಮೂರನೆಯವರ ಕಣಜಕ್ಕೆ ಸೇರುವುದಾದರೆ ಅದು ಮುಯ್ಯಾಳಲ್ಲ, ಬಿಟ್ಟಿಯ ದುಡಿಮೆ. ನಮ್ಮ ಹಳ್ಳಿಗರಿಗೆ ಈ ಎರಡರ ಭೇದ ಚೆನ್ನಾಗಿ ಗೊತ್ತು.

ಇನ್ನೊಂದು ಬದಲಾವಣೆಯನ್ನೂ ಇಲ್ಲಿಯೇ ಸೂಚಿಸಬೇಕು. ೨೦೦೫ರಲ್ಲಿ ಫ್ರಾಂಕ್ಲಿನ್ ಲೆನರ್ಡ್ ಅವರು, ಇನ್ನೂ ಚಿತ್ರವಾಗದ ಚಿತ್ರಕಥೆಗಳಲ್ಲಿ ಯಾವುವು ಮೆಚ್ಚಿಕೆಯಾದುವೆಂದು ಉದ್ಯಮದವರನ್ನು ಕೇಳಿ 'ಬ್ಲ್ಯಾಕ್ ಲಿಸ್ಟ್' ಎಂಬ ಪಟ್ಟಿಯನ್ನು ಸಿದ್ಧಪಡಿಸಿದರು. ೨೦೧೨ರಲ್ಲಿ ಅದು ಹೊಸಬರು ಶುಲ್ಕ ಕೊಟ್ಟು ತಮ್ಮ ಹಸ್ತಪ್ರತಿಗಳನ್ನು ಓದಿಸಿಕೊಳ್ಳುವ ತಾಣವಾಗಿಯೂ ವಿಸ್ತರಿಸಿತು. ಇದರಿಂದ ಅನೇಕರಿಗೆ ಪ್ರಯೋಜನವಾಗಿರುವುದು ನಿಜ. ಆದರೂ ಓದಿಗೆ ಓದು ಎಂಬುದು ಓದಿಗೆ ಹಣ ಎಂದಾದಾಗ, ಕಲಿಕೆಯ ಅರ್ಧಭಾಗ ಕೈಬಿಟ್ಟಿತೆಂಬುದನ್ನು ಅಲ್ಲಗಳೆಯಲಾಗದು.

೫

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಕನ್ನಡದ ಲೇಖಕರಿಗೆ ಆಗ ಒಂದು ವಿಶೇಷ ತೊಡಕಿತ್ತು. 'ಬರಹ', 'ನುಡಿ' ಮುಂತಾದ ತಂತ್ರಾಂಶಗಳಿಂದ ಕನ್ನಡದಲ್ಲಿ ಬರೆಯಲು ಬರುತ್ತಿದ್ದರೂ, ಒಬ್ಬರು ಕಳಿಸಿದ್ದು ಅದೇ ಅಕ್ಷರಮಾದರಿ ಇಲ್ಲದ ಇನ್ನೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಆದುದರಿಂದ ಸಂಭಾಷಣೆಯನ್ನು ರೋಮನ್ ಲಿಪಿಯಲ್ಲಿ ಬರೆದು ಕಳಿಸುವುದು ಆ ಕಾಲದ ಅನಿವಾರ್ಯತೆಯಾಗಿತ್ತು. ಯೂನಿಕೋಡ್ ವ್ಯವಸ್ಥೆ ಬಳಕೆಗೆ ಬಂದ ಮೇಲೆಯೇ ಕನ್ನಡದ ಮಾತು ಕನ್ನಡದ ಅಕ್ಷರದಲ್ಲಿ ಊರಿಂದೂರಿಗೆ ನಿರಾತಂಕವಾಗಿ ಸಾಗಿತು. ೨೦೦೪ರಲ್ಲಿ ಹುಟ್ಟಿದ ಆರ್ಕುಟ್ ನಮ್ಮ ದೇಶದಲ್ಲಿ ಬಹು ಜನಪ್ರಿಯವಾಗಿ, ಚಿತ್ರಾಸಕ್ತರ ಕೂಟಗಳಿಗೂ ಆಶ್ರಯವಾಯಿತು. ೨೦೦೫ರಲ್ಲಿ ಬಂದ ಯೂಟ್ಯೂಬ್ ಕಿರುಚಿತ್ರಗಳಿಗೆ ತೆರೆಯನ್ನು ಒದಗಿಸಿತು.

ಈ ಹಿನ್ನೆಲೆಯಲ್ಲಿ 'ಲೂಸಿಯಾ' ಚಿತ್ರದ ವೃತ್ತಾಂತವನ್ನು ಪರಿಶೀಲಿಸಬೇಕು. ಯೋಗರಾಜ ಭಟ್ಟರೊಡನೆ ಲೇಖಕರಾಗಿ ದುಡಿದು, 'ಲೈಫು ಇಷ್ಟೇನೇ' (೨೦೧೧) ಚಿತ್ರವನ್ನು ನಿರ್ದೇಶಿಸಿದ್ದ ಪವನ್ ಕುಮಾರ್ ಅವರಿಗೆ ಎರಡನೆಯ ಚಿತ್ರಕಥೆಗೆ ನಿರ್ಮಾಪಕರು ದೊರೆಯಲಿಲ್ಲ. ಆಗ ಅವರು ತಮ್ಮ ಕಷ್ಟವನ್ನೂ ಉದ್ಯಮದ ರೀತಿನೀತಿಗಳನ್ನೂ ಅಂತರಜಾಲದಲ್ಲಿ ಬಿಚ್ಚಿ ಬರೆದು, ಪ್ರೇಕ್ಷಕರೇ ಬಂಡವಾಳ ಹಾಕಬೇಕೆಂದು ಕೇಳಿಕೊಂಡರು. ೨೭ ದಿನಗಳಲ್ಲಿ ೧೧೦ ಜನರಿಂದ ೫೧ ಲಕ್ಷ ರೂಪಾಯಿ ಕೂಡಿತು. ಚಿತ್ರವು ೨೦೧೩ರ ಜುಲೈ ತಿಂಗಳಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಗಿ ಪ್ರೇಕ್ಷಕರ ಪ್ರಶಸ್ತಿಯನ್ನು ಗಳಿಸಿ, ಸೆಪ್ಟೆಂಬರ್ ೬ರಂದು ಕರ್ನಾಟಕದಲ್ಲಿ ತೆರೆಕಂಡಿತು. ೨೦೧೫ರಲ್ಲಿ ಅದು ತಮಿಳಿನಲ್ಲಿಯೂ ಚಿತ್ರವಾಯಿತು. ಇದಕ್ಕೆ ಸ್ವಲ್ಪ ಮೊದಲು ಹಿಂದಿಯಲ್ಲಿ ಓನಿರ್ ಅವರು 'ಐ ಆ್ಯಮ್' (೨೦೧೧) ಚಿತ್ರಕ್ಕೆ ಸುಮಾರು ೪೦೦ ಜನರಿಂದ ಇದೇ ರೀತಿ ನೆರವು ಪಡೆದಿದ್ದರು. ಆ ಚಿತ್ರಕ್ಕೆ ಅತ್ಯುತ್ತಮ ಹಿಂದಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು.

ಇದನ್ನು ಸರ್ವಥಾ ನೂತನವೆಂದು ವರ್ಣಿಸುವುದು ಚರಿತ್ರೆಯನ್ನು ಮರೆತಂತೆ. ೧೯೭೬ರಲ್ಲಿ ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಹಾಕಿ, ಶ್ಯಾಮ್ ಬೆನಗಲ್ ನಿರ್ದೇಶನದ 'ಮಂಥನ್' ಚಿತ್ರಕ್ಕೆ ನಿರ್ಮಾಪಕರಾದರು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ 'ಒಡೇಸಾ' ಬಳಗದವರು ಊರೂರಿಗೆ ಹೋಗಿ ಜನರಿಂದ ಹಣ ಕೂಡಿಸಿ 'ಅಮ್ಮ ಅರಿಯಾನ್' (೧೯೮೬) ನಿರ್ಮಿಸಿದರು. ಹಿಂದೆ ಕಾಲ್ನಡಗೆಯಿಂದ ಆದದ್ದು ಈಗ ಅಂತರಜಾಲದಿಂದ ಕ್ಷಿಪ್ರವಾಗಿ ಆಯಿತು. ಇಷ್ಟೇ ಭೇದ.

'ಲೂಸಿಯಾ' ಚಿತ್ರದ ನಾಯಕನಟ ಸತೀಶ್ ಅವರು ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತವರು. ಆ ಸಂಸ್ಥೆಯ ಹೆಸರು ಅವರ ಹೆಸರಿಗೇ ಅಂಟಿಕೊಂಡಿದೆ. ಹಣ ಅಂತರಜಾಲದಿಂದ ಒದಗಿತು. ನಾಯಕನ ಪಾತ್ರಕ್ಕೆ ಬೇಕಾದ ಶಿಕ್ಷಣ ಮಲೆನಾಡಿನ ಹಳ್ಳಿಯಿಂದ ಒದಗಿತು. ಹೊಸ ಸಾಧನ ಹಳೆಯ ಸಂಘಜೀವನವನ್ನು ಅಳಿಸಲಿಲ್ಲವೆಂಬುದಕ್ಕೂ, ಅದರ ಫಲವನ್ನೇ ಬಳಸಿಕೊಂಡಿತೆಂಬುದಕ್ಕೂ ಇದಕ್ಕಿಂತ ಉತ್ತಮ ಸಾಕ್ಷ್ಯ ಬೇಕಿಲ್ಲ.

ಆದರೆ ಇಲ್ಲಿ ಒಂದು ವಿವೇಚನೆ ಅಗತ್ಯ. ಹಣ ಹಾಕಿದ ೧೧೦ ಜನರು ಮುಖ್ಯವಾಗಿ ಪ್ರೇಕ್ಷಕರು. ಅವರು ಕೊಟ್ಟದ್ದು ವಿಶ್ವಾಸ ಮತ್ತು ಬಂಡವಾಳ. ಚಿತ್ರಕಥೆಯನ್ನು ಓದಿ ತಿದ್ದುವ ಸಮಾನಸ್ಕಂಧರ ಉಪಕಾರ ಇದಕ್ಕಿಂತ ಬೇರೆ. ನಮ್ಮಲ್ಲಿ ಮೊದಲನೆಯದನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಎರಡನೆಯದನ್ನು ಕುರಿತು ಬರೆದದ್ದು ಅತ್ಯಲ್ಪ. ಹಣ ದೊರೆತೊಡನೆ ಒಳ್ಳೆಯ ಚಿತ್ರವಾಗುತ್ತದೆಂಬ ತಪ್ಪು ತಿಳಿವಳಿಕೆ ತರುಣರಲ್ಲಿ ಬೆಳೆಯಲು ಈ ಅಸಮತೋಲವೂ ಒಂದು ಕಾರಣವಿರಬಹುದು.

೬

ಎರಡನೆಯ ಬಗೆಯ ನೆರವಿಗೆ ದೊಡ್ಡ ಅಡ್ಡಿ ಭಯ. ನನ್ನ ಕಥೆಯನ್ನು ಇನ್ನೊಬ್ಬರು ಕದ್ದರೆ? ಹೊಸಬರ ಮನಸ್ಸಿನಲ್ಲಿ ಈ ಪ್ರಶ್ನೆ ಸದಾ ಇರುತ್ತದೆ. ಇದು ನಿರಾಧಾರವೂ ಅಲ್ಲ. ಆರ್. ಜಿ. ಆನಂದ್ ಎಂಬ ನಾಟಕಕಾರರು ೧೯೫೦ರ ದಶಕದಲ್ಲಿ ತಮ್ಮ 'ಹಮ್ ಹಿಂದುಸ್ತಾನಿ' ನಾಟಕವನ್ನು ಚಿತ್ರನಿರ್ದೇಶಕರೊಬ್ಬರಿಗೆ ಓದಿ ಹೇಳಿದ್ದರು. ೧೯೫೬ರಲ್ಲಿ ಬಂದ 'ನ್ಯೂ ಡೆಲ್ಲಿ' ಎಂಬ ಹಿಂದಿ ಚಿತ್ರ ಅದರ ಅನುಕರಣವೆಂದು ಅವರು ನ್ಯಾಯಾಲಯಕ್ಕೆ ಹೋದರು. ೧೯೭೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ವಾದವನ್ನು ಒಪ್ಪಲಿಲ್ಲ. ಕೇವಲ ಕಲ್ಪನೆಗೆ, ವಸ್ತುವಿಗೆ, ಕಥಾಬೀಜಕ್ಕೆ ಕೃತಿಸ್ವಾಮ್ಯವಿಲ್ಲ. ಅದನ್ನು ಲೇಖಕನು ವ್ಯಕ್ತಪಡಿಸಿದ ರೂಪಕ್ಕೆ ಮಾತ್ರ ಉಂಟು ಎಂಬ ತತ್ತ್ವ ಆ ತೀರ್ಪಿನಲ್ಲಿ ಸ್ಥಾಪಿತವಾಯಿತು.

ಈ ತೀರ್ಪಿನಿಂದ ಆಕಾಂಕ್ಷಿಗಳು ಎರಡು ಪಾಠಗಳನ್ನು ಕಲಿಯಬಹುದು. ಬಾಯಿಮಾತಿನಲ್ಲಿ ಕಥೆಯ ಎಳೆಯನ್ನು ಹೇಳುತ್ತ ಹೋಗುವುದಕ್ಕಿಂತ, ಪೂರ್ಣವಾಗಿ ಬರೆದು, ಮುಂಬಯಿಯ ಚಿತ್ರಕಥಾಲೇಖಕರ ಸಂಘದಂಥ ಕಡೆ ನೋಂದಾಯಿಸಿ, ಆಮೇಲೆ ಇತರರಿಗೆ ತೋರಿಸುವುದು ಕ್ಷೇಮ. ಇದು ಒಂದು. ಕದಿಯಬಹುದಾದ ಎಳೆಗಿಂತ ಕದಿಯಲಾಗದ ರಚನೆಯಲ್ಲಿಯೇ ಲೇಖಕರ ಸ್ವತ್ತು ಇರುವುದರಿಂದ, ಆ ರಚನೆಯನ್ನು ಹದಗೊಳಿಸುವ ಓದುಗರನ್ನು ಭಯದಿಂದ ದೂರವಿಡುವುದು ನಷ್ಟ. ಇದು ಇನ್ನೊಂದು. ಯಾರು ಯಾವ ದಿನ ಯಾರಿಗೆ ಯಾವ ಕರಡನ್ನು ಕಳಿಸಿದರು ಎಂಬುದು ಅಂತರಜಾಲದಲ್ಲಿ ದಾಖಲೆಯಾಗಿ ಉಳಿಯುವುದರಿಂದ, ಕಾಫಿಯ ಮೇಜಿನ ಮಾತಿಗಿಂತ ಅಲ್ಲಿ ರಕ್ಷಣೆ ಕೊಂಚ ಹೆಚ್ಚೆಂದೇ ಹೇಳಬೇಕು.

ಉಳಿಯುತ್ತದೆ ಎಂದೆವು, ಆದರೆ ಎಷ್ಟು ಕಾಲ? ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಇದೇ ಮುಖ್ಯ ಪ್ರಶ್ನೆ. 'ಟ್ರಿಗರ್ ಸ್ಟ್ರೀಟ್' ೨೦೧೦ರ ದಶಕದಲ್ಲಿ ಮುಚ್ಚಿಹೋಯಿತು. ಅಸಂಖ್ಯ ಹವ್ಯಾಸಿಗಳು ಪುಟಗಳನ್ನು ಇರಿಸಿದ್ದ ಜಿಯೋಸಿಟೀಸ್‌ನ ಅಮೆರಿಕದ ತಾಣ ೨೦೦೯ರಲ್ಲಿ ನಿಂತಿತು. ಆರ್ಕುಟ್ ೨೦೧೪ರ ಸೆಪ್ಟೆಂಬರ್ ೩೦ರಂದು ಕೊನೆಗೊಂಡಿತು. ಅಲ್ಲಿನ ಕೂಟಗಳ ಸಂಗ್ರಹವನ್ನು ಕೆಲವು ಕಾಲ ಉಳಿಸಿ ಅನಂತರ ತೆಗೆದುಹಾಕಲಾಯಿತು. ೧೯೯೬ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಮುಂತಾದ ಸಂಸ್ಥೆಗಳು ಸ್ವಲ್ಪಭಾಗವನ್ನು ರಕ್ಷಿಸಿವೆ. ಗುಪ್ತಪದದ ಹಿಂದೆ ನಡೆದ ಓದು-ತಿದ್ದುಗಳು ಅಂಥ ಸಂಗ್ರಹಕ್ಕೆ ಸಿಕ್ಕುವುದು ವಿರಳ. ಸಾವಿರ ವರ್ಷ ಹಿಂದಿನ ದಾನಶಾಸನವನ್ನು ನಾವು ಇಂದು ಓದಬಲ್ಲೆವು. ಇಪ್ಪತ್ತು ವರ್ಷ ಹಿಂದೆ ಕನ್ನಡದ ತರುಣರು ಪರಸ್ಪರ ಏನು ಬರೆದುಕೊಂಡರೆಂಬುದನ್ನು ಓದಲಾರೆವು. ಇದು ವಿಷಾದದ ಸಂಗತಿ.

ಆದುದರಿಂದ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದೆರಡು ಸೂಚನೆಗಳನ್ನು ಮುಂದಿಡಬಯಸುತ್ತೇವೆ. ತಮ್ಮ ಊರಿನಲ್ಲಿ ಕಿರುಚಿತ್ರ ಮಾಡಿದವರು, ಚಿತ್ರಕಥೆ ಬರೆದವರು ಇದ್ದರೆ, ಅವರ ಬಳಿ ಉಳಿದಿರುವ ಕರಡುಗಳನ್ನೂ, ಅವುಗಳ ಮೇಲೆ ಬಂದ ಟಿಪ್ಪಣಿಗಳನ್ನೂ ಅವರ ಒಪ್ಪಿಗೆ ಪಡೆದು ಸಂಗ್ರಹಿಸಬೇಕು. ಯಂತ್ರದಲ್ಲಿರುವುದನ್ನು ಕಾಗದಕ್ಕೂ ಇಳಿಸಿಡಬೇಕು. ಯಾರು ಯಾರ ಕೃತಿಯನ್ನು ಓದಿದರು, ಆ ಓದಿನಿಂದ ಏನು ಬದಲಾಯಿತು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಅಂಥವರು ಈಗಿನ್ನೂ ನಡುವಯಸ್ಸಿನವರು, ನೆನಪು ಹಸಿಯಾಗಿದೆ. ಇನ್ನು ಮೂವತ್ತು ವರ್ಷ ತಡೆದರೆ ಕೇಳಲು ಹೋದವರಿಗೆ ಉತ್ತರ ಸಿಕ್ಕುವುದೆಂಬ ಭರವಸೆಯಿಲ್ಲ.

ಇದುವರೆಗಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಕಲ್ಕತ್ತೆಯ ಸೊಸೈಟಿ, ಹೆಗ್ಗೋಡಿನ ಚಿತ್ರಸಮಾಜ, ಕಪೋಲ ಅವರ ಕಾರ್ಯಶಾಲೆ, ತಾಂಪೆರೆಯ ಮಿತ್ರಮಂಡಲಿ ಇವು ದೇಶದಿಂದಲೂ ಕಾಲದಿಂದಲೂ ಭಿನ್ನ. ಇವುಗಳನ್ನು ಒಂದುಗೂಡಿಸುವ ಸೂತ್ರ, ಪಡೆಯುವ ಮೊದಲು ಕೊಡಬೇಕೆಂಬುದು. ಈ ಸೂತ್ರವನ್ನು ಸ್ಪರ್ಧೆಯೂ ಲಾಭವೂ ಆಕ್ರಮಿಸಿದಾಗ ಸಂಘದ ಹೆಸರು ಉಳಿದರೂ ಸತ್ತ್ವ ಉಳಿಯಲಿಲ್ಲ. ಅಂತರಜಾಲವು ಈ ಸೂತ್ರಕ್ಕೆ ವಿಸ್ತಾರವನ್ನು ಕೊಟ್ಟಿತು, ಸ್ಥಿರತೆಯನ್ನು ಕೊಡಲಿಲ್ಲ. ಆ ಸ್ಥಿರತೆಯನ್ನು ಒದಗಿಸುವ ಕೆಲಸ ವಿದ್ಯಾಸಂಸ್ಥೆಗಳದು. ಮದುವೆಯ ಮನೆಯವರು ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಡುವುದು ಕೊಟ್ಟವರನ್ನು ಮರೆಯಬಾರದೆಂದು. ಕನ್ನಡ ಚಿತ್ರರಂಗದ ಅಂಥ ಪುಸ್ತಕವನ್ನು ಇನ್ನೂ ಯಾರೂ ತೆರೆದಿಲ್ಲ; ಅದರ ಮೊದಲ ಪುಟಗಳನ್ನು ನಮ್ಮ ವಿದ್ಯಾರ್ಥಿಗಳು ಬರೆಯಲೆಂದು ಹಾರೈಸುತ್ತೇವೆ.